ಹೊರಸಿನ ಸೈಕಲ್: ಎರಡೂವರೆ ಗುಜರಿ ಸೈಕಲ್ಲು, ಒಂದು ಹುರಿ, ಏಳು ತಿಂಗಳು

ನಮ್ಮ ಓಣಿಯಲ್ಲಿ ಇದಕ್ಕೆ ‘ಹೊರಸಿನ ಸೈಕಲ್’ ಅಂತ ಹೆಸರು ಬಿದ್ದಿದೆ. ಹೊರಸು ಅಂದರೆ ನವಾರ ಹೆಣೆದ ಮಂಚ. ವಿಜಯಪುರದವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗಾಗಿ ಹೇಳಿದೆ. ತಿಳಿದವರು ಇದನ್ನು ರಿಕಂಬೆಂಟ್ ಅನ್ನುತ್ತಾರೆ. ಬೆನ್ನಿಗೆ ಒರಗು ಇರುತ್ತದೆ, ಪೆಡಲ್ ಮುಂದೆ ಇರುತ್ತದೆ, ಕಾಲು ಚಾಚಿಕೊಂಡು ತುಳಿಯಬೇಕು. ಬೆನ್ನುನೋವಿನಿಂದ ಮಾಮೂಲಿ ಸೈಕಲ್ ಬಿಟ್ಟಿದ್ದ ನಾನು ಹಳೇ ಸೈಕಲ್‌ಗಳನ್ನು ಕೊಯ್ದು ಇದನ್ನು ಕಟ್ಟಿದೆ. ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಶ್ರಾವಣದಲ್ಲಿ ಶುರು ಮಾಡಿದ್ದು, ರಸ್ತೆಗೆ ಇಳಿಸುವ ಹೊತ್ತಿಗೆ ಹೋಳಿ ಹುಣ್ಣಿಮೆ ಮುಗಿದಿತ್ತು.

ಆ ಏಳು ತಿಂಗಳಲ್ಲಿ ವೆಲ್ಡಿಂಗ್ ನಡೆದದ್ದು ಎಲ್ಲಾ ಸೇರಿ ಹತ್ತು ತಾಸು ಇರಬಹುದು. ಉಳಿದ ಹೊತ್ತೆಲ್ಲ ಹೋಗಿದ್ದು ತಪ್ಪು ಅಳತೆಯನ್ನು ಕೊಯ್ದು ತಿದ್ದುವುದರಲ್ಲಿ. ಹಾಗಾಗಿ ಈ ಬರಹದಲ್ಲಿ ಅಳತೆ ಮತ್ತು ಚೈನಿನ ಮಾತೇ ಜಾಸ್ತಿ. ವೆಲ್ಡಿಂಗ್ ಮಾಡುವವರು ನಮ್ಮೂರಲ್ಲಿ ಹೆಜ್ಜೆಗೊಬ್ಬರು ಸಿಗುತ್ತಾರೆ. ಹುರಿ ಹಿಡಿದು ಕೂರುವವರು ಸಿಗುವುದಿಲ್ಲ, ಆ ಕೆಲಸ ನೀವೇ ಮಾಡಬೇಕು.

ಯಾವ ನಮೂನೆ?

ಉದ್ದದ ನಮೂನೆ ಒಂದಿದೆ. ಅದರಲ್ಲಿ ಮುಂದಿನ ಗಾಲಿ ಪೆಡಲ್‌ಗಿಂತ ಮುಂದೆ ಇರುತ್ತದೆ. ಓಡಿಸಲು ಸುಲಭ, ಆದರೆ ಸಂದಿಗೊಂದಿಯಲ್ಲಿ ತಿರುಗಿಸಲು ಆಗದು. ಇನ್ನೊಂದು ಗಿಡ್ಡ ನಮೂನೆ. ಇದರಲ್ಲಿ ಪೆಡಲ್ ಮುಂದಿನ ಗಾಲಿಯನ್ನೂ ದಾಟಿ ಮುಂದೆ ಚಾಚಿರುತ್ತದೆ. ಎರಡು ಗಾಲಿಗಳ ಆಕ್ಸಲ್ ನಡುವಿನ ಅಂತರ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಮೂರು ಗಾಲಿಯದೂ ಇದೆ. ಅದು ಬೀಳುವುದಿಲ್ಲ ನಿಜ, ಆದರೆ ಮುಂದಿನ ಎರಡು ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಕೂಡಿಕೆ ಮೊದಲ ಸಲ ಕಟ್ಟುವವರಿಗೆ ತಲೆನೋವು. ನಾನು ಆರಿಸಿದ್ದು ಗಿಡ್ಡ ನಮೂನೆ. ಹಿಂದೆ 26 ಇಂಚಿನ ಗಾಲಿ, ಮುಂದೆ 20 ಇಂಚಿನದು. ಹ್ಯಾಂಡಲ್ ನೇರವಾಗಿ ಫೋರ್ಕ್, ಅಂದರೆ ಮುಂದಿನ ಗಾಲಿ ಹಿಡಿಯುವ ಕವಲಿನ ಮೇಲೆಯೇ ಕೂರುತ್ತದೆ. ಇನ್ನು ಮುಂದೆ ಹೇಳುವುದೆಲ್ಲ ಅದರದ್ದೇ ಲೆಕ್ಕ.

ಸಾಮಾನು

ಎರಡೂವರೆ ಸೈಕಲ್ ಬೇಕು. ಒಂದು, ದೊಡ್ಡವರ 26 ಇಂಚಿನ ಗೇರ್ ಸೈಕಲ್. ಇದರ ಹಿಂದಿನ ತ್ರಿಕೋನವನ್ನು ಇಡಿಯಾಗಿ ಉಳಿಸಿಕೊಳ್ಳಬೇಕು, ಗಾಲಿ, ಬ್ರೇಕು, ಗೇರು ಸಮೇತ. ಹಿಂದಿನ ಗಾಲಿ ಸೊಟ್ಟ ಆಗದಂತೆ ಕಂಪನಿಯವರು ಮಾಡಿಟ್ಟಿದ್ದನ್ನು ನಾವು ಮುಟ್ಟುವುದೇ ಬೇಡ. ಎರಡು, ಮಕ್ಕಳ 20 ಇಂಚಿನ ಸೈಕಲ್. ಅದರ ಫೋರ್ಕ್, ಮುಂದಿನ ಗಾಲಿ, ಬ್ರೇಕು ಮತ್ತು ಫೋರ್ಕ್ ಕೂರುವ ಹೆಡ್ ಟ್ಯೂಬ್ ಬೇಕು. ಉಳಿದ ಅರ್ಧ ಅಂದರೆ ಹಳೇ ಕರಿ ಡಬಲ್ ಬಾರ್ ಸೈಕಲ್ಲಿನ ಫ್ರೇಮು. ಅದರಲ್ಲಿ ಬೇಕಾದದ್ದು ಬಿಬಿ (ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ ತೋಳುಗಳು ತಿರುಗುವ ನಡುವಿನ ಅಚ್ಚು) ಕೂರುವ ಗುಂಡು ಕೊಳವೆ ಒಂದೇ. ಮಕ್ಕಳ ಸೈಕಲ್ಲಿನ ಬಿಬಿ ಎಷ್ಟೋ ಸಲ ಬೇರೆ ಅಳತೆಯದಾಗಿರುತ್ತದೆ, ದೊಡ್ಡವರ ಕ್ರ್ಯಾಂಕ್, ಅಂದರೆ ಪೆಡಲ್ ತೋಳು, ಅದಕ್ಕೆ ಹೊಂದುವುದಿಲ್ಲ.

ಗುಜರಿ ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಒಂದು ಅಯಸ್ಕಾಂತ ಇರಲಿ. ಒಡೆದ ಸ್ಪೀಕರಿನದು ಸಾಕು. ಫ್ರೇಮಿಗೆ ಅಂಟದಿದ್ದರೆ ಅದು ಅಲ್ಯೂಮಿನಿಯಂ, ನಮ್ಮ ರಾಡ್ ವೆಲ್ಡಿಂಗಿಗೆ ಬರುವುದಿಲ್ಲ.

ಟೈರಿನಲ್ಲಿ ಒಂದು ಮೋಸ ಇದೆ. ‘26 ಇಂಚು’ ಅಂತ ಬರೆದ ಟೈರುಗಳೆಲ್ಲ ಒಂದೇ ಅಲ್ಲ. 26 × 1.75 ಅಥವಾ 1.95 ಟೈರು ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರ್. 26 × 1⅜ ಟೈರಿನದು 590. 26 × 1½ ಟೈರಿನದು 584. ಇಪ್ಪತ್ತರಲ್ಲೂ ಹಾಗೇ, 20 × 1.75 ಆದರೆ 406, 20 × 1⅜ ಆದರೆ 451. ನಾನು ಗಾಲಿ ಒಂದು ಕಡೆ, ಟೈರು ಇನ್ನೊಂದು ಕಡೆ ತಂದೆ. ಮೂರು ಕಬ್ಬಿಣದ ಪಟ್ಟಿ ಹಾಕಿ, ಸೋಪಿನ ನೀರು ಹಚ್ಚಿ, ಅರ್ಧ ತಾಸು ಗುದ್ದಾಡಿದ ಮೇಲೆ ಟೈರಿನ ಬದಿಯ ಅಂಕಿ ಓದಿದೆ. ಮೊದಲೇ ಓದಬೇಕಿತ್ತು, ಅಲ್ವಾ?

ನಡುವಿನ ಬೆನ್ನೆಲುಬಿಗೆ ಸ್ಕ್ವೇರ್ ಪೈಪು. ಗಟ್ಟಿ ಇರಲಿ ಅಂತ ನಾನು ಮೊದಲು 50 × 50, 3 ಮಿಲಿಮೀಟರ್ ದಪ್ಪದ್ದು ಕೊಯ್ಸಿದ್ದೆ. ಮೀಟರಿಗೆ ನಾಲ್ಕು ಕೆಜಿಗೂ ಜಾಸ್ತಿ ತೂಗುತ್ತದೆ. ಸೈಕಲ್ ಅಂಗಡಿಯ ಚಾಚಾ ಒಂದು ಕೈಯಲ್ಲಿ ಎತ್ತಿ ನೋಡಿ, ‘ಮಾಸ್ತರ್ರ, ಮಲಿಕ್-ಎ-ಮೈದಾನ್ ತೋಪಿಗೆ ಗಾಲಿ ಹಚ್ಚಾಕತ್ತೀರೇನು?’ ಅಂದರು. ನಮ್ಮೂರ ಕೋಟೆಯ ಆ ತೋಪಿನ ತೂಕ ಸುಮಾರು 55 ಟನ್ನು. ಮಾತು ನಾಟಿತು. ಆಮೇಲೆ ತಂದಿದ್ದು 40 × 40, 16 ಗೇಜ್, ಅಂದರೆ 1.6 ಮಿಲಿಮೀಟರ್ ದಪ್ಪದ್ದು. ಮೀಟರಿಗೆ ಎರಡು ಕೆಜಿಗೆ ಚೂರು ಕಮ್ಮಿ. ನನ್ನ 68 ಕೆಜಿಯನ್ನು ಅದು ಹೊರುತ್ತಿದೆ. ತೂಕದವರು 14 ಗೇಜ್ ತಗೊಳ್ಳಿ, ಅದು 2 ಮಿಲಿಮೀಟರ್.

ಅಂಗಡಿಯವರು ‘ಜಿಐ ಪೈಪ್ ಒಯ್ರಿ, ತುಕ್ಕು ಹಿಡಿಯಂಗಿಲ್ಲ’ ಅನ್ನುತ್ತಾರೆ. ಬೇಡ. ಸತು ಬಳಿದ ಪೈಪಿಗೆ ವೆಲ್ಡಿಂಗ್ ಮಾಡಿದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಹೋಗುತ್ತದೆ ಅನ್ನುವುದು ಬರೀ ನಂಬಿಕೆ.

ಕೈಗೆ ಬೇಕಾದ ಸಲಕರಣೆ

ಗ್ರೈಂಡರ್ ನಾಲ್ಕು ಇಂಚಿನದು ಸಾಕು, ಗಾರ್ಡ್ ತೆಗೆದಿಟ್ಟಿರಬಾರದು. ಹ್ಯಾಕ್ಸಾ. ಅರ್ಧಗುಂಡಿನ ಕಾನಸು ಒಂದು, ಗುಂಡು ಕಾನಸು ಒಂದು. 15ರ ಪಾನಾ, ಬಿಬಿ ಬಿಚ್ಚುವ ಪಾನಾ, ಕ್ರ್ಯಾಂಕ್ ಎಳೆಯುವ ಪುಲ್ಲರ್. ಕಡೆಯ ಎರಡನ್ನು ಕೊಳ್ಳಬೇಡಿ, ಸೈಕಲ್ ಅಂಗಡಿಯಲ್ಲಿ ಕೂತೇ ಬಿಚ್ಚಿಸಿಕೊಂಡು ಬನ್ನಿ. ಚೈನ್ ಕಟರ್ ಮಾತ್ರ ಸ್ವಂತದ್ದು ಇರಲಿ. ನಾನು ನಲವತ್ತು ಸಲವಾದರೂ ಚೈನ್ ಬಿಚ್ಚಿ ಜೋಡಿಸಿದ್ದೇನೆ, ಪ್ರತಿ ಸಲ ಚಾಚಾನ ಹತ್ತಿರ ಓಡಲು ಆಗುತ್ತದೆಯೇ?

ಇವೆಲ್ಲಕ್ಕಿಂತ ನನಗೆ ಉಪಯೋಗಕ್ಕೆ ಬಂದಿದ್ದು ಗೌಂಡಿಗಳ ಸಾಮಾನು. ತೂಗುಗುಂಡು, ನೈಲಾನ್ ಹುರಿ, ಒಂದು ಸ್ಪಿರಿಟ್ ಲೆವಲ್. ಜೊತೆಗೆ ಹಳೇ ಬಾಗಿಲ ಹಲಗೆ. ಅದರ ಮೇಲೆ ಮೊಳೆ ಹೊಡೆದು ಪೈಪುಗಳನ್ನು ಅಲುಗದಂತೆ ಹಿಡಿಸಬಹುದು.

ನೆಲದ ಮೇಲೆ ಸೈಕಲ್

ಮೊದಲು ನಿಮ್ಮನ್ನು ಅಳೆಯಿರಿ. ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತು, ಚಪ್ಪಲಿ ಹಾಕಿಕೊಂಡೇ ಕಾಲು ಚಾಚಿ. ಗೋಡೆಯಿಂದ ಅಂಗಾಲಿನವರೆಗಿನ ದೂರ ಬರೆದುಕೊಳ್ಳಿ. ನನ್ನದು 104 ಸೆಂಟಿಮೀಟರ್. ಪೆಡಲ್ ಅತಿ ದೂರದಲ್ಲಿ ಇರುವಾಗ ಒರಗಿನ ಬುಡದಿಂದ ಅದರವರೆಗೆ ಇಷ್ಟೇ ದೂರ ಇರಬೇಕು, ಮೊಣಕಾಲು ತುಸು ಮಡಚಿರುವಂತೆ ಒಂದೆರಡು ಸೆಂಟಿಮೀಟರ್ ಕಮ್ಮಿ ಆದರೂ ಸರಿ. ಕ್ರ್ಯಾಂಕಿನ ಉದ್ದ 17 ಸೆಂಟಿಮೀಟರ್ ಕಳೆಯಿರಿ. ಬಿಬಿ ಎಲ್ಲಿ ಬರಬೇಕು ಅನ್ನುವುದು ಸಿಕ್ಕಿತು.

ಆಮೇಲೆ ಮಾಳಿಗೆಯ ಮೇಲೆ ಸೀಮೆಸುಣ್ಣದಿಂದ ಇಡೀ ಸೈಕಲನ್ನು ನಿಜ ಅಳತೆಯಲ್ಲೇ ಬರೆಯಿರಿ. ಕಾಗದದ ಮೇಲಿನ ಸಣ್ಣ ಚಿತ್ರ ಸುಳ್ಳು ಹೇಳುತ್ತದೆ. ನನ್ನ ಅಳತೆ ಹೀಗಿತ್ತು: ಆಕ್ಸಲ್‌ನಿಂದ ಆಕ್ಸಲ್‌ಗೆ 110 ಸೆಂಟಿಮೀಟರ್, ಸೀಟಿನ ಎತ್ತರ 56, ಬಿಬಿ ಎತ್ತರ 62, ಒರಗಿನ ಓರೆ 40 ಡಿಗ್ರಿ. ಬಿಬಿ ಮುಂದಿನ ಆಕ್ಸಲ್‌ಗಿಂತ 38 ಸೆಂಟಿಮೀಟರ್ ಮುಂದೆ.

ಇದರಲ್ಲಿ 62 ಅನ್ನುವುದು ತಪ್ಪು. ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಗಾಲಿಯ ಹಿಂಭಾಗ ಒಂದು ಕಡೆಗೆ ಬರುತ್ತದೆ, ಅದೇ ಹೊತ್ತಿಗೆ ಕೆಳಗೆ ಬಂದ ಹಿಮ್ಮಡಿ ಅದಕ್ಕೆ ಬಡಿಯುತ್ತದೆ. ಎಲ್ಲಾ ವೆಲ್ಡಿಂಗ್ ಮುಗಿದು ಕೂತು ನೋಡಿದಾಗಲೇ ಇದು ಗೊತ್ತಾಗಿದ್ದು. ಮುಂದಿನ ಪೈಪ್ ಕೊಯ್ದು ಬಿಬಿಯನ್ನು 69 ಸೆಂಟಿಮೀಟರಿಗೆ ಏರಿಸಿದೆ. ಈಗಲೂ ಹತ್ತಿರದಲ್ಲಿ ಗರಕ್ಕನೆ ತಿರುಗಿದರೆ ತಾಗುತ್ತದೆ, ಆಗ ತುಳಿಯುವುದು ನಿಲ್ಲಿಸುತ್ತೇನೆ. ಗಿಡ್ಡ ನಮೂನೆಯಲ್ಲಿ ಇಷ್ಟು ಇರುವಂಥದ್ದೇ.

ಎರಡನೇ ಸಲಕ್ಕೆ ಬುದ್ಧಿ ಬಂತು. ಸಣ್ಣವರಿದ್ದಾಗ ಜೋಳದ ದಂಟಿನ ಬಂಡಿ ಮಾಡುತ್ತಿದ್ದೆವಲ್ಲ, ಅದೇ ವಿದ್ಯೆ. ನಿಜವಾದ ಗಾಲಿ, ನಿಜವಾದ ಕ್ರ್ಯಾಂಕ್ ಇಟ್ಟು ನಡುವಿನ ಪೈಪಿನ ಬದಲು ಬಿಳಿಜೋಳದ ದಂಟು ಕಟ್ಟಿದೆ. ಇಟ್ಟಿಗೆ ಪೇರಿಸಿ ಎತ್ತರ ಕೊಟ್ಟೆ. ಪಕ್ಕದಲ್ಲಿ ಹಲಗೆ ಹಾಕಿ ಮಲಗಿ, ಕಾಲನ್ನು ನಿಧಾನ ತಿರುಗಿಸುತ್ತ ಹೋದರೆ ಹಿಮ್ಮಡಿ ಎಲ್ಲಿ ಬಡಿಯುತ್ತದೆ, ಮೊಣಕಾಲು ಹ್ಯಾಂಡಲಿಗೆ ಎಲ್ಲಿ ತಾಗುತ್ತದೆ ಎಲ್ಲವೂ ಕಾಣುತ್ತದೆ. ನಮ್ಮವ್ವ ನೋಡಿ, ‘ದನಕ್ಕ ಹಾಕೂ ಕಣಿಕಿ ಹಾಳ ಮಾಡ್ಬ್ಯಾಡೋ’ ಅಂದಳು. ಒಂದು ಹೊರೆ ಕಣಿಕಿ ಹೋದರೂ ಒಂದು ಪೈಪು ಉಳಿಯಿತು.

ಉದ್ದ ಹೊಂದಿಸುವ ವ್ಯವಸ್ಥೆ ಬೇಕಿದ್ದರೆ ಸೀಟು ಸರಿಯುವಂತೆ ಮಾಡಿ, ಬಿಬಿ ಸರಿಯುವಂತೆ ಬೇಡ. ಬಿಬಿ ಸರಿದರೆ ಪ್ರತಿ ಸಲ ಚೈನಿನ ಉದ್ದವೂ ಬದಲಾಗುತ್ತದೆ.

ಕೊಯ್ಯುವ ಮುಂಚೆ ಒಂದು ಗುರುತು

ಈ ಸಣ್ಣ ವಿಷಯಕ್ಕೆ ನನ್ನ ಎರಡು ಭಾನುವಾರ ಹೋದವು. ಬಿಬಿ ಕೊಳವೆಯ ಒಳಗೆ ಎರಡೂ ಬದಿ ತ್ರೆಡ್ ಇರುತ್ತದೆ. ಎಡಕ್ಕೆ ಮಾಮೂಲಿ ತ್ರೆಡ್, ಬಲಕ್ಕೆ, ಅಂದರೆ ಚೈನ್ ಇರುವ ಬದಿಗೆ, ಉಲ್ಟಾ ತ್ರೆಡ್. ಅಲ್ಲಿ ತಿರುಗಿಸಿ ಕೂರಿಸುವ ಬೇರಿಂಗಿನ ಬಟ್ಟಲು, ಅಂದರೆ ಕಪ್ಪು, ತುಳಿಯುವಾಗ ತಾನಾಗೇ ಸಡಿಲ ಆಗದಿರಲಿ ಅಂತ ಈ ವ್ಯವಸ್ಥೆ. ನಾನು ಕರಿ ಸೈಕಲ್ಲಿನ ಫ್ರೇಮಿನಿಂದ ಕೊಳವೆ ಕೊಯ್ದು, ಸುತ್ತಲಿನ ಮೊಂಡುಗಳನ್ನು ಕಾನಸಿನಿಂದ ತಿಕ್ಕಿ ನುಣ್ಣಗೆ ಮಾಡಿದೆ. ಆಮೇಲೆ ಅದು ಬರೀ ಬಳೆ. ಎಡ ಯಾವುದು, ಬಲ ಯಾವುದು? ಅಂದಾಜಿನ ಮೇಲೆ ಹಚ್ಚಿಸಿದೆ.

ಬಲಗಡೆ ಕಪ್ಪು ತಿರುಗಿಸಿದರೆ ಹಿಡಿಯಲೇ ಇಲ್ಲ. ಚಾಚಾ ಬೆರಳು ಹಾಕಿ ಸವರಿ ನೋಡಿದರು. ‘ಉಲ್ಟಾ ಕುಂತೈತ್ರಿ ಮಾಸ್ತರ್ರ.’ ಇರಲಿ ಬಿಡು ಅಂತ ಕಪ್ಪುಗಳನ್ನು ಅದಲುಬದಲು ಮಾಡಿ ಹಾಕಿದೆ. ಒಂದು ವಾರವೂ ನಿಲ್ಲಲಿಲ್ಲ, ಗಟ್ಟಿ ಮಾಡಿದಷ್ಟೂ ಬಿಚ್ಚಿಕೊಂಡಿತು. ಮತ್ತೆ ಕೊಯ್ಯಬೇಕಾಯಿತು.

ಹಾಗಾಗಿ ಗ್ರೈಂಡರ್ ಚಾಲೂ ಮಾಡುವ ಮುಂಚೆ ಬಲಗಡೆಯ ಅಂಚಿಗೆ ಕಾನಸಿನಿಂದ ಒಂದು ಕಚ್ಚು ಹಾಕಿ. ಬಣ್ಣದ ಗುರುತು ಬೇಡ, ಸುಟ್ಟು ಹೋಗುತ್ತದೆ. ವೆಲ್ಡಿಂಗ್ ಮಾಡುವಾಗ ಬೇಡವಾದ ಹಳೇ ಕಪ್ಪು ಎರಡನ್ನು ಒಳಗೆ ತಿರುಗಿಸಿಟ್ಟಿರಿ. ಕಿಡಿ ಹಾರಿ ತ್ರೆಡ್ ಹಾಳಾಗುವುದಿಲ್ಲ, ಕೊಳವೆ ಮೊಟ್ಟೆಯಾಕಾರಕ್ಕೆ ತಿರುಗುವುದೂ ಕಮ್ಮಿ.

ವೆಲ್ಡಿಂಗ್

ನಮ್ಮ ಕಡೆ ವೆಲ್ಡಿಂಗ್ ಅಂಗಡಿಗಳು ಟ್ರಾಕ್ಟರ್ ಟ್ರೇಲರು, ದ್ರಾಕ್ಷಿ ಪಡದ ಆ್ಯಂಗಲ್ಲು, ಗೇಟು ಮಾಡಿ ಪಳಗಿದವು. ಅವರ ಕೈಗೆ 10 ಗೇಜಿನ ರಾಡೇ ಬರುತ್ತದೆ, ಅಂದರೆ 3.15 ಮಿಲಿಮೀಟರಿನದು. ಆಂಪಿಯರ್ 110, 120. ಆ ಬೆಂಕಿಯನ್ನು ಸೈಕಲ್ ಪೈಪಿಗೆ ಮುಟ್ಟಿಸಿದರೆ ಏನಾಗುತ್ತದೆ? ನನ್ನ ಹೆಡ್ ಟ್ಯೂಬಿನ ಪಕ್ಕ ಹೆಬ್ಬೆರಳು ಹೋಗುವಷ್ಟು ತೂತು ಬಿತ್ತು. ಹುಡುಗ ಪಾಪ ಅದನ್ನು ತುಂಬಲು ರಾಡ್ ಸುರಿದ. ತುಂಬಿದಷ್ಟೂ ಅಂಚು ಕರಗಿ ತೂತು ದೊಡ್ಡದಾಯಿತು. ‘ಪೈಪ್ ಕಾಗದ ಆದಂಗ ಐತ್ರಿ ಸರ್’ ಅಂದ. ಪೈಪಿನದೇನೂ ತಪ್ಪಿರಲಿಲ್ಲ.

12 ಗೇಜಿನ ರಾಡ್ ಕೇಳಿ, ಅದು 2.5 ಮಿಲಿಮೀಟರ್. 60ರಿಂದ 70 ಆಂಪಿಯರ್ ಸಾಕು. ಸಣ್ಣ ಇನ್ವರ್ಟರ್ ಮಷಿನ್ ಇದ್ದ ಅಂಗಡಿಯೇ ಒಳ್ಳೇದು, ಆಂಪಿಯರ್ ಇಳಿಸುವುದು ಸುಲಭ. ಮೊದಲು ಅದೇ ಪೈಪಿನ ಎರಡು ತುಂಡು ಕೊಟ್ಟು ಜೋಡಿಸಿ ತೋರಿಸು ಅನ್ನಿ. ಆ ತುಂಡನ್ನು ಸುತ್ತಿಗೆಯಿಂದ ಬಡಿದು ಮುರಿಯಲು ನೋಡಿ. ಪೈಪು ಬಾಗಿ ಬೆಸುಗೆ ನಿಂತರೆ ಆ ಕೈಯನ್ನು ನಂಬಬಹುದು. ಪೈಪಿನ ಬಾಯಿ ಒಂದಕ್ಕೊಂದು ಕೂರುವಂತೆ ಕಾನಸಿನಿಂದ ತಿಕ್ಕಿ ಕೊಡುವುದು ನಿಮ್ಮ ಕೆಲಸ. ಸಂದಿ ಬಿಟ್ಟು ಕೊಟ್ಟರೆ ಎಂಥ ಕೈಗಾರನೂ ತೂತು ಮಾಡುತ್ತಾನೆ.

ಪಕ್ಕದಲ್ಲಿ ನಿಂತು ನೋಡುವವರೂ ಕಪ್ಪು ಗಾಜು ಹಿಡಿಯಬೇಕು. ಬರಿಗಣ್ಣಲ್ಲಿ ನೋಡಿದ ರಾತ್ರಿ ಕಣ್ಣಲ್ಲಿ ಉಸುಕು ಹೊಕ್ಕಂತೆ ಉರಿಯುತ್ತದೆ, ನಾನು ಉರಿಸಿಕೊಂಡಿದ್ದೇನೆ.

ಈಗ ಹುರಿಯ ಮಾತು. ಮೊದಲು ಎಲ್ಲಾ ಜಾಗದಲ್ಲೂ ಬರೀ ಚುಕ್ಕೆ ವೆಲ್ಡಿಂಗ್ ಮಾಡಿಸಿ, ಒಂದೊಂದು ಕೂಡಿಕೆಗೆ ನಾಲ್ಕು ಚುಕ್ಕೆ. ಆಮೇಲೆ ಹಿಂದಿನ ಗಾಲಿಯ ಆಕ್ಸಲ್ ಕೂರುವ ಒಂದು ಬಾಯಿಗೆ ಹುರಿ ಕಟ್ಟಿ, ಮುಂದೆ ಎಳೆದು ಹೆಡ್ ಟ್ಯೂಬನ್ನು ಸುತ್ತಿಸಿ, ಇನ್ನೊಂದು ಬಾಯಿಗೆ ತಂದು ಬಿಗಿಯಾಗಿ ಕಟ್ಟಿ. ನಡುವಿನ ಪೈಪಿನಿಂದ ಹುರಿಗೆ ಇರುವ ಅಂತರ ಎಡಕ್ಕೂ ಬಲಕ್ಕೂ ಒಂದೇ ಬರಬೇಕು. ನನ್ನದರಲ್ಲಿ ಎಡಕ್ಕೆ 31 ಮಿಲಿಮೀಟರ್, ಬಲಕ್ಕೆ 38. ಚುಕ್ಕೆ ಹಂತದಲ್ಲಿ ಕೈಯಿಂದ ಒತ್ತಿದರೆ ಸರಿಯಾಗುತ್ತದೆ. ಇದಾದ ಮೇಲೆ ಹೆಡ್ ಟ್ಯೂಬಿನೊಳಗೆ ಒಂದು ಮೀಟರ್ ಉದ್ದದ ನೆಟ್ಟನೆ ಪೈಪು ತೂರಿಸಿ. ಹಿಂದಿನ ಗಾಲಿಯನ್ನು ತೂಗುಗುಂಡಿಗೆ ಸರಿಯಾಗಿ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿ. ಆ ಪೈಪು, ಗಾಲಿ ಎರಡೂ ಒಂದೇ ಗೆರೆಯಲ್ಲಿ ಕಾಣಬೇಕು.

ಪೂರ್ತಿ ವೆಲ್ಡಿಂಗ್ ಮಾಡುವಾಗಲೂ ಒಂದೇ ಬದಿ ಎಳೆದುಕೊಂಡು ಹೋಗಲು ಬಿಡಬೇಡಿ. ಕಾದ ಕಬ್ಬಿಣ ತಣ್ಣಗಾಗುವಾಗ ತನ್ನ ಕಡೆ ಜಗ್ಗುತ್ತದೆ. ಎರಡು ಸೆಂಟಿಮೀಟರ್ ಮೇಲೆ, ಎರಡು ಕೆಳಗೆ, ಎರಡು ಎಡಕ್ಕೆ, ಎರಡು ಬಲಕ್ಕೆ. ನಡುನಡುವೆ ಚಹಾ ಕುಡಿಸಿ. ಚಹಾ ಹುಡುಗನಿಗೆ, ತಣ್ಣಗಾಗುವ ಹೊತ್ತು ಪೈಪಿಗೆ.

ಹೆಡ್ ಟ್ಯೂಬಿನ ಓರೆ

ನೆಲಕ್ಕೆ 70 ಡಿಗ್ರಿ ಇಟ್ಟರೆ ಸಾಕು. ಪರೀಕ್ಷೆ ಹೀಗೆ: ಹೆಡ್ ಟ್ಯೂಬಿನ ನಡುವಿನ ಗೆರೆಯನ್ನು ಹುರಿಯಿಂದ ನೆಲದವರೆಗೆ ಎಳೆಯಿರಿ. ಮುಂದಿನ ಆಕ್ಸಲ್‌ನಿಂದ ತೂಗುಗುಂಡು ಬಿಡಿ. ಗುಂಡು ಬಿದ್ದ ಜಾಗ ಹುರಿ ಮುಟ್ಟಿದ ಜಾಗಕ್ಕಿಂತ ನಾಲ್ಕರಿಂದ ಆರು ಸೆಂಟಿಮೀಟರ್ ಹಿಂದೆ ಇರಬೇಕು. ಈ ಅಂತರವೇ ಸೈಕಲನ್ನು ನೆಟ್ಟಗೆ ಓಡಿಸುವುದು. ತೀರಾ ಕಮ್ಮಿ ಆದರೆ ಹ್ಯಾಂಡಲ್ ಹಾವಿನಂತೆ ಆಡುತ್ತದೆ, ಜಾಸ್ತಿ ಆದರೆ ನಿಧಾನ ಹೋಗುವಾಗ ಗಾಲಿ ತಾನೇ ಒಂದು ಕಡೆಗೆ ಬೀಳುತ್ತದೆ. 20 ಇಂಚಿನ ಗಾಲಿ, ನಾಲ್ಕು ಸೆಂಟಿಮೀಟರ್ ಮುಂದಕ್ಕೆ ಬಾಗಿದ ಫೋರ್ಕ್, 70 ಡಿಗ್ರಿ, ಇವು ಸೇರಿದರೆ ಐದು ಸೆಂಟಿಮೀಟರಿನ ಹತ್ತಿರ ಬರುತ್ತದೆ.

ಚೈನು

ಇಲ್ಲೇ ನನ್ನ ಮೂರು ತಿಂಗಳು ಹೋಗಿದ್ದು.

ಉದ್ದ ಮೊದಲು. ಬಿಬಿಯಿಂದ ಹಿಂದಿನ ಆಕ್ಸಲ್‌ಗೆ ಒಂದೂವರೆ ಮೀಟರ್. ಹೋಗುವ ಸಾಲು, ಬರುವ ಸಾಲು ಸೇರಿ ಮೂರು. ಮುಂದಿನ 34 ಹಲ್ಲು, ಹಿಂದಿನ ದೊಡ್ಡ 28 ಹಲ್ಲು ಸೇರಿಸಿ ಅರ್ಧ ಮಾಡಿದರೆ 31. ಒಂದು ಹಲ್ಲಿಗೆ 12.7 ಮಿಲಿಮೀಟರ್, ಅಲ್ಲಿಗೆ ಸುಮಾರು 40 ಸೆಂಟಿಮೀಟರ್. ಗೇರ್ ಎಳೆತಕ್ಕೆ ಇನ್ನೊಂದು 15. ಒಟ್ಟು ಮೂರೂವರೆ ಮೀಟರ್ ದಾಟಿತು. 116 ಕೊಂಡಿಯ ಗೇರ್ ಚೈನ್ ಒಂದರ ಉದ್ದ 1.47 ಮೀಟರ್. ಅಂದರೆ ಮೂರು ಚೈನ್ ಕೊಂಡು ಅರ್ಧಕ್ಕಿಂತ ಜಾಸ್ತಿ ಒಂದು ತುಂಡು ಉಳಿಸಿಕೊಳ್ಳಬೇಕು. ಮೂರೂ ಒಂದೇ ಕಂಪನಿಯವು, ಎಲ್ಲವೂ ಹೊಸವು ಇರಲಿ. ಹಳೆಯದು ಎಳೆದುಕೊಂಡಿರುತ್ತದೆ, ಹೊಸದರ ಜೊತೆ ಹಾಕಿದರೆ ಹಲ್ಲಿನ ಮೇಲೆ ಜಿಗಿಯುತ್ತದೆ.

ಅಷ್ಟು ಉದ್ದದ ಚೈನು ನೇರ ಹೋಗಲು ಆಗುವುದಿಲ್ಲ. ನಡುವೆ ಸೀಟಿದೆ, ಮುಂದಿನ ಗಾಲಿಯಿದೆ. ಅದಕ್ಕಾಗಿ ಸೀಟಿನ ಕೆಳಗೆ ಒಂದು ರಾಟಿ ಹಾಕಿ ಚೈನನ್ನು ಬಗ್ಗಿಸಬೇಕು. ಜಾರುವ ಕಿಟಕಿಗೆ ಹಾಕುವ ಪ್ಲಾಸ್ಟಿಕ್ ರಾಟಿಯನ್ನು 6 ಮಿಲಿಮೀಟರ್ ಬೋಲ್ಟಿನಲ್ಲಿ ಒಂದೇ ಬದಿಗೆ ತೂಗಿಸಿದೆ. ತೊರವಿ ರಸ್ತೆಯ ಸಣ್ಣ ಏರಿನಲ್ಲಿ ಬೋಲ್ಟ್ ಬಾಗಿತು. ಚೈನು ಪ್ಲಾಸ್ಟಿಕನ್ನು ಕೊಯ್ದುಕೊಂಡು ಬೇರಿಂಗಿನವರೆಗೆ ಇಳಿದಿತ್ತು. ಸೈಕಲ್ ತಳ್ಳಿಕೊಂಡು ಬರುವಾಗ ಅರ್ಥವೇ ಆಗಲಿಲ್ಲ, ಇಷ್ಟು ಸಣ್ಣ ಏರಿಗೆ ಇಷ್ಟು ಬಲ ಎಲ್ಲಿಂದ ಬಂತು ಅಂತ.

ಮನೆಗೆ ಬಂದು ಲೆಕ್ಕ ಹಾಕಿದೆ. ಪೆಡಲ್ ಮೇಲೆ 60 ಕೆಜಿ ಒತ್ತಿದೆ ಅನ್ನಿ. ಕ್ರ್ಯಾಂಕಿನ ಉದ್ದ 170 ಮಿಲಿಮೀಟರ್. 34 ಹಲ್ಲಿನ ಚಕ್ರದ ಅರೆವ್ಯಾಸ 69 ಮಿಲಿಮೀಟರ್. ಅಲ್ಲಿಗೆ ಚೈನಿನ ಎಳೆತ 60 × 170 ÷ 69, ಹತ್ತಿರ ಹತ್ತಿರ 148 ಕೆಜಿ. ಆ ಚೈನನ್ನು ರಾಟಿ ಬರೀ 20 ಡಿಗ್ರಿ ಬಗ್ಗಿಸಿದರೂ ರಾಟಿಯ ಮೇಲೆ 50 ಕೆಜಿ ಬೀಳುತ್ತದೆ. ಒಂದು ಸಿಮೆಂಟ್ ಚೀಲ! ಪ್ರತಿ ತುಳಿತಕ್ಕೂ ಒಂದು ಚೀಲ ಎತ್ತಿ ಇಳಿಸಿದಂತೆ. ಕಿಟಕಿ ರಾಟಿ ಬಾಳುವುದೆಲ್ಲಿ?

ಪರಿಹಾರ ಎರಡು. ಒಂದು, ಎಳೆಯುವ ಸಾಲು, ಅಂದರೆ ಮೇಲಿನದು, ಸಾಧ್ಯವಾದಷ್ಟು ನೇರ ಹೋಗುವಂತೆ ಸೀಟಿನ ಎತ್ತರ ಹೊಂದಿಸಿ. ಬಗ್ಗುವುದು ಕಮ್ಮಿ ಆದಷ್ಟೂ ಭಾರ ಕಮ್ಮಿ. ಎರಡು, ಲೇಥ್ ಅಂಗಡಿಯಲ್ಲಿ ನೈಲಾನ್ ರಾಡಿನಿಂದ 70 ಮಿಲಿಮೀಟರ್ ವ್ಯಾಸದ ರಾಟಿ ಕಡೆಸಿ. ಒಳಗೆ 6200 ನಂಬರಿನ ಬೇರಿಂಗ್ ಕೂರಿಸಿ, ಅದರ ತೂತು 10 ಮಿಲಿಮೀಟರ್. 10 ಮಿಲಿಮೀಟರ್ ಬೋಲ್ಟನ್ನು ಎರಡೂ ಬದಿ ಪಟ್ಟಿ ಕೊಟ್ಟು ಹಿಡಿಸಿ. ನನ್ನದು ಇಂದಿಗೂ ತಿರುಗುತ್ತಿದೆ.

ಬರುವ ಸಾಲಿಗೆ ಭಾರ ಇಲ್ಲ, ಆದರೆ ಅದು ಜೋಲುತ್ತದೆ, ಪ್ಯಾಂಟಿಗೆ ಎಣ್ಣೆ ಬಳಿಯುತ್ತದೆ. ಅದನ್ನು ಕೊಳವೆಯೊಳಗೆ ಹಾಯಿಸಬೇಕು. ದ್ರಾಕ್ಷಿ, ದಾಳಿಂಬೆ ಬೆಳೆಯುವ ಊರಿನವರಿಗೆ ಕೊಳವೆಗೆ ಬರವೇ? 16 ಮಿಲಿಮೀಟರಿನ ಡ್ರಿಪ್ ಪೈಪು ಸರಿಯಾಗಿ ಹೊಂದುತ್ತದೆ. ತೂತು ಇಲ್ಲದ ಸಾದಾ ಪೈಪ್ ಕೇಳಿ, ಹೋಗುವಾಗ ಚೈನಿನ ತುಂಡು ಒಯ್ದು ತೂರಿಸಿ ನೋಡಿ. ಎರಡೂ ಬಾಯಿಯನ್ನು ಮೇಣದಬತ್ತಿಯಲ್ಲಿ ಕಾಯಿಸಿ, ಸ್ಕ್ರೂಡ್ರೈವರ್ ಹಿಡಿಕೆ ಒತ್ತಿ ಕಹಳೆಯಂತೆ ಅಗಲ ಮಾಡಿ. ಇಲ್ಲದಿದ್ದರೆ ಕಟಕಟ ಸದ್ದು ನಿಲ್ಲುವುದಿಲ್ಲ.

ಗೇರಿನ ಬಗ್ಗೆ ಒಂದು ಮಾತು. ಈ ಸೈಕಲ್ಲಿನಲ್ಲಿ ಪೆಡಲ್ ಮೇಲೆ ಎದ್ದು ನಿಂತು ತುಳಿಯಲು ಆಗುವುದಿಲ್ಲ. ಏರಿನಲ್ಲಿ ಹಗುರ ಗೇರ್ ಒಂದೇ ಗತಿ. ಮುಂದೆ 34, ಹಿಂದೆ 14ರಿಂದ 28 ಹಲ್ಲು ಇದ್ದರೆ ನಮ್ಮ ಬಯಲುನಾಡಿಗೆ ಸಾಕು. ಅತಿ ಹಗುರ ಗೇರಿನಲ್ಲಿ ಕಾಲಿನ ಒಂದು ಸುತ್ತಿಗೆ ಎರಡೂವರೆ ಮೀಟರ್, ಅತಿ ಬಿಗಿಯಲ್ಲಿ ಐದು ಮೀಟರ್.

ಸೀಟು

ಮೊದಲು ಪ್ಲೈವುಡ್ಡಿಗೆ ಫೋಮ್ ಅಂಟಿಸಿದ್ದೆ. ಚೈತ್ರದ ಬಿಸಿಲಿಗೆ ಎರಡೇ ಕಿಲೋಮೀಟರಿಗೆ ಬೆನ್ನೆಲ್ಲ ನೀರು. ಆಮೇಲೆ 20 ಮಿಲಿಮೀಟರ್ ಗುಂಡು ಪೈಪನ್ನು ಬಗ್ಗಿಸಿ ಚೌಕಟ್ಟು ಮಾಡಿಸಿ, ನೈಲಾನ್ ನವಾರ ಬಿಗಿದು ಹೆಣೆದೆ. ಗಾಳಿ ಆಡುತ್ತದೆ, ಗುಂಡಿ ಬಂದರೆ ಸ್ವಲ್ಪ ತೂಗಿಕೊಡುತ್ತದೆ. ಹೊರಸು ಅನ್ನುವ ಹೆಸರು ಬಂದದ್ದು ಹೀಗೆ. ಒಂದು ತಿಂಗಳಿಗೆ ನವಾರ ಸಡಿಲ ಬೀಳುತ್ತದೆ, ಮತ್ತೆ ಬಿಗಿಯಬೇಕು. ಹೊರಸಿನ ಮೇಲೆ ಮಲಗಿದ ಎಲ್ಲರಿಗೂ ಇದು ಗೊತ್ತು.

ಸೀಟನ್ನು ಖಾಯಂ ಮಾಡುವ ಮುಂಚೆ ಮುಂದಿನ ಗಾಲಿಯನ್ನು ತೂಕದ ಕಾಟಾದ ಮೇಲೆ, ಹಿಂದಿನದನ್ನು ಅಷ್ಟೇ ಎತ್ತರದ ಹಲಗೆಯ ಮೇಲೆ ಇಟ್ಟು ಕೂತು ನೋಡಿ. ಒಟ್ಟು ತೂಕದ ನೂರಕ್ಕೆ ನಲವತ್ತರಿಂದ ಐವತ್ತು ಪಾಲು ಮುಂದೆ ಬಿದ್ದರೆ ಒಳ್ಳೇದು. ಕಿರಾಣಿ ಅಂಗಡಿಯವರು ನಕ್ಕರೂ ತೂಗಿಕೊಡುತ್ತಾರೆ.

ಓಡಿಸುವುದು

ಮೊದಲ ಸಲ ಬೀಳುತ್ತೀರಿ. ಸೀಟು ಕೆಳಗಿರುವುದರಿಂದ ಪೆಟ್ಟು ದೊಡ್ಡದಲ್ಲ, ಆದರೂ ಹೆಲ್ಮೆಟ್, ಉದ್ದ ಪ್ಯಾಂಟು ಇರಲಿ. ನಾನು ಕಲಿತದ್ದು ನಮ್ಮ ಶಾಲೆಯ ಮೈದಾನದಲ್ಲಿ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ. ಹಗುರ ಗೇರ್ ಹಾಕಿ, ಒಂದು ಪೆಡಲ್ ಎದುರಿಗೆ ತುಸು ಮೇಲಿರಲಿ, ಒಮ್ಮೆ ಗಟ್ಟಿಯಾಗಿ ಒತ್ತಿ ಇನ್ನೊಂದು ಕಾಲನ್ನು ತಕ್ಷಣ ಏರಿಸಿ. ಪಾದ ನೋಡಬೇಡಿ, ದೂರ ನೋಡಿ. ಹ್ಯಾಂಡಲನ್ನು ಬಿಗಿ ಹಿಡಿದಷ್ಟೂ ಓಲಾಡುತ್ತದೆ. ಮೂರನೇ ಸಂಜೆಗೆ ಮೈದಾನ ಸುತ್ತಿದೆ.

ರಸ್ತೆಗೆ ಇಳಿಯುವ ಮುಂಚೆ ಸೀಟಿನ ಹಿಂದೆ ಆರಡಿ ಎತ್ತರಕ್ಕೆ ಬಣ್ಣದ ಬಾವುಟ ಕಟ್ಟಲೇಬೇಕು. ಕಬ್ಬಿನ ಟ್ರಾಕ್ಟರಿನ ಚಾಲಕನಿಗೆ ನೀವು ಕಾಣುವುದು ಅದೊಂದರಿಂದಲೇ. ಮುಖ ಆಕಾಶಕ್ಕೆ ಇರುವುದರಿಂದ ಬಿಸಿಲು ನೇರ ಕಣ್ಣಿಗೆ ಬರುತ್ತದೆ, ಮುಂದೆ ಚಾಚಿದ ಟೋಪಿ ಬೇಕು. ನೆಗ್ಗಿಲ ಮುಳ್ಳು, ಜಾಲಿ ಮುಳ್ಳಿನ ಕಾಲದಲ್ಲಿ 20 ಇಂಚಿನ ಟ್ಯೂಬ್ ಒಂದು ಜೊತೆಗಿರಲಿ. ದೊಡ್ಡ ಟ್ಯೂಬ್ ಎಲ್ಲಾ ಊರಲ್ಲೂ ಸಿಗುತ್ತದೆ, ಸಣ್ಣದು ಸಿಗುವುದಿಲ್ಲ.

ನಸುಕಿನಲ್ಲಿ ಕ್ರೀಡಾ ನಿಲಯದ ಸೈಕ್ಲಿಂಗ್ ಹುಡುಗರು ಸಾಲಾಗಿ ಹೋಗುತ್ತಿರುತ್ತಾರೆ. ಒಬ್ಬ ಪಕ್ಕಕ್ಕೆ ಬಂದು, ‘ಕಾಕಾ, ಇದನ್ನ ರೇಸಿಗೆ ಬಿಡ್ತಾರೇನ್ರಿ?’ ಅಂತ ಕೇಳಿದ. ಬಿಡುವುದಿಲ್ಲಪ್ಪಾ ಅಂದೆ. 1933ರಲ್ಲಿ ಫ್ರಾನ್ಸಿಸ್ ಫೋರ್ ಅನ್ನುವ ಫ್ರೆಂಚ್ ಸವಾರ ಪ್ಯಾರಿಸ್ಸಿನಲ್ಲಿ ಇಂಥದ್ದೇ ಸೈಕಲ್ ಮೇಲೆ ಒಂದು ತಾಸಿಗೆ 45 ಕಿಲೋಮೀಟರ್ ದಾಟಿ ದಾಖಲೆ ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಯಮ ಬದಲಿಸಿ ಒರಗು ಸೈಕಲ್‌ಗಳನ್ನು ಹೊರಗೆ ಹಾಕಿತು. ‘ಅಂದ್ರ ಜೋರ್ ಓಡ್ತೈತಿ ಅಂತನ ತಗದ್ರೇನು?’ ಅಂದ ಹುಡುಗ, ಒಂದೇ ತುಳಿತಕ್ಕೆ ನನ್ನನ್ನು ಹಿಂದೆ ಹಾಕಿ ಹೋದ. ನನ್ನದು 21 ಕೆಜಿ ತೂಗುತ್ತದೆ, ತುಳಿಯುವವನಿಗೆ ನಲವತ್ತಾರು ವರ್ಷ.

ಬಣ್ಣ ಹಚ್ಚುವ ಅವಸರ ಬೇಡ. ಮೊದಲ ನೂರು ಕಿಲೋಮೀಟರ್ ಬಿಳಿ ಅಥವಾ ಬೂದು ಪ್ರೈಮರಿನಲ್ಲೇ ಓಡಿಸಿ. ಬೆಸುಗೆ ಬಿರಿದರೆ ಕೂದಲೆಳೆಯಷ್ಟು ಕಂದು ಗೆರೆ ಮೂಡುತ್ತದೆ. ಎಲ್ಲರೂ ಬಳಿಯುವ ಕೆಂಪು ಆಕ್ಸೈಡಿನ ಮೇಲೆ ಆ ತುಕ್ಕು ಕಾಣುವುದೇ ಇಲ್ಲ. ನನಗೆ ಅಂಥ ಗೆರೆ ಕಂಡದ್ದು ತಿಕೋಟಾಕ್ಕೆ ಹೋಗಿ ಬಂದ ಸಂಜೆ, ಸೀಟಿನ ಹಿಂದೆ ಪೈಪು ಹಳೇ ಫ್ರೇಮಿಗೆ ಕೂಡುವಲ್ಲಿ. ಬೆಸುಗೆಯ ಮೇಲೆ ಬೆಸುಗೆ ಹಾಕಿಸಲಿಲ್ಲ. ಬಿರುಕನ್ನು ಗ್ರೈಂಡರಿನಿಂದ ತೆಗೆದು, ಹೊಸದಾಗಿ ಬೆಸೆದು, ಎರಡೂ ಬದಿಗೆ ಮೂರು ಮೂಲೆಯ ತಗಡಿನ ಆಸರೆ ಕೊಡಿಸಿದೆ.

ಅಳತೆಯಲ್ಲಿ ಇನ್ನೊಂದು ಸೇರಿಸಿಕೊಳ್ಳಿ: ನಿಮ್ಮ ಮನೆಯ ಸಂದಿ. ಹಳೇ ಸೈಕಲನ್ನು ಹಿಂದಿನ ಗಾಲಿಯ ಮೇಲೆ ಎಬ್ಬಿಸಿ ತಿರುಗಿಸಿ ಪಡಸಾಲೆಗೆ ಒಯ್ಯುತ್ತಿದ್ದೆ. ಇದನ್ನು ಎಬ್ಬಿಸಿದರೆ ಒರಗು ನೆಲಕ್ಕೆ ತಾಗುತ್ತದೆ, ಮಲಗಿಸಿದರೆ ಪೆಡಲ್ ಗೋಡೆಗೆ ತಾಗುತ್ತದೆ. ಸದ್ಯಕ್ಕೆ ಅದು ರಾತ್ರಿ ಚಾಚಾನ ಅಂಗಡಿಯಲ್ಲಿ ಇರುತ್ತದೆ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವರು ಅದರ ಮೇಲೆ ಒರಗಿ ನಿದ್ದೆ ಮಾಡುತ್ತಾರೆ.